ಫ್ಯೂಯೆಲ್ ಪ್ರೆಶರ್ ಗೇಜ್ ಕಿಟ್: ಸ್ಟಾರ್ಟ್ ಆಗದ ಸ್ಪೋರ್ಟ್ಸ್ ಕಾರಿನ ಪಂಪ್ ಪರೀಕ್ಷೆಗೆ ಎಷ್ಟು ಉಪಯೋಗ?

ಸೆಲ್ಫ್ ಹೊಡೆದರೆ ಎಂಜಿನ್ ಚೆನ್ನಾಗಿಯೇ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ. ತಿಂಗಳುಗಟ್ಟಲೆ ಕವರ್ ಹೊದ್ದು ನಿಂತಿದ್ದ ಸ್ಪೋರ್ಟ್ಸ್ ಕಾರಿನಲ್ಲಿ ಈ ತೊಂದರೆ ಕಂಡರೆ ಎಲ್ಲರ ಅನುಮಾನ ಮೊದಲು ಹೋಗುವುದು ಫ್ಯೂಯೆಲ್ ಪಂಪಿನ ಮೇಲೆ. ಅನುಮಾನ ಎಷ್ಟೋ ಸಲ ಸರಿಯೂ ಇರುತ್ತದೆ. ಆದರೆ ಬಹಳಷ್ಟು ಕಾರುಗಳಲ್ಲಿ ಪಂಪು ಇರುವುದು ಟ್ಯಾಂಕಿನ ಒಳಗೆ. ಟ್ಯಾಂಕು ಎಷ್ಟೋ ಸಲ ಸೀಟಿನ ಹಿಂದೆ ಅಡಗಿರುತ್ತದೆ, ಕೆಲವು ಕಾರುಗಳಲ್ಲಂತೂ ಟ್ಯಾಂಕನ್ನೇ ಇಳಿಸದೆ ಪಂಪು ಕೈಗೆ ಸಿಗುವುದಿಲ್ಲ. ಅಷ್ಟೆಲ್ಲ ಬಿಚ್ಚಿ ಹೊಸ ಪಂಪ್ ಹಾಕಿದ ಮೇಲೂ ಕಾರು ಹಾಗೇ ನಿಂತರೆ ದುಡ್ಡೂ ದಂಡ, ದಿನವೂ ದಂಡ. ಬಿಚ್ಚುವ ಮುಂಚೆಯೇ ತಪ್ಪು ಪಂಪಿನದೋ ಅಲ್ಲವೋ ಎಂದು ಅಂಕಿಯಲ್ಲಿ ತೋರಿಸಲು ಬೇಕಾದದ್ದು ಫ್ಯೂಯೆಲ್ ಪ್ರೆಶರ್ ಗೇಜ್ ಕಿಟ್.

ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಬೇರೆಬೇರೆ ಹೆಸರುಗಳಲ್ಲಿ, ಹೆಚ್ಚುಕಡಿಮೆ ಒಂದೇ ವಿನ್ಯಾಸದಲ್ಲಿ ಸಿಗುವ ಪೆಟ್ಟಿಗೆ ಕಿಟ್. ರಬ್ಬರ್ ಕವಚದ ಡಯಲ್ ಗೇಜ್, ಅದರ ಕೆಳಗೆ ಒತ್ತುಗುಂಡಿಯ ಬ್ಲೀಡ್ ವಾಲ್ವ್ (ಹೋಸಿನಲ್ಲಿ ಸಿಕ್ಕ ಗಾಳಿ ಮತ್ತು ಒತ್ತಡವನ್ನು ಹೊರಬಿಡುವ ವಾಲ್ವ್), ಆ ವಾಲ್ವಿಗೆ ಒಂದು ಪಾರದರ್ಶಕ ನಳಿಕೆ, ಇಂಜೆಕ್ಟರ್ ರೈಲಿಗೆ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಗೆ) ಹೋಗುವ ಹೋಸ್, ಪೈಪಿನ ನಡುವೆ ಕವಲು ತೆಗೆಯಲು T ಆಕಾರದ ಒಂದಷ್ಟು ಟೀ ಜೋಡಣೆಗಳು ಮತ್ತು ಕ್ಲಾಂಪುಗಳು. ತೀರ್ಪು ಮೊದಲೇ ಹೇಳುವುದಾದರೆ, ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಕೊಳ್ಳಲೇಬೇಕಾದ ಸಾಮಾನು ಇದು. ಆದರೆ ಡಯಲ್ ಎಷ್ಟು ದೊಡ್ಡದು, ಪೆಟ್ಟಿಗೆಯಲ್ಲಿ ಎಷ್ಟು ತುಂಡುಗಳಿವೆ ಎಂದು ನೋಡಿ ಕೊಳ್ಳಬಾರದು. ಬ್ಲೀಡ್ ವಾಲ್ವ್ ಮತ್ತು ನಿಮ್ಮ ಕಾರಿಗೆ ಹೊಂದುವ ಅಡಾಪ್ಟರ್, ಈ ಎರಡೇ ಕಿಟ್ಟಿನ ಜೀವಾಳ. ಜೊತೆಗೆ ಒಂದು ಮಲ್ಟಿಮೀಟರ್ ಇಲ್ಲದಿದ್ದರೆ ಗೇಜ್ ಹೇಳುವುದು ಅರ್ಧ ಸತ್ಯ ಮಾತ್ರ.

ಗೇಜಿನಿಂದ ಶುರು ಮಾಡೋಣ. 0–7 ಬಾರ್ ಮತ್ತು 0–10 ಬಾರ್ ಎರಡೂ ಸಿಗುತ್ತವೆ (ಬಾರ್ ಎಂದರೆ ಒತ್ತಡದ ಅಳತೆ). ಸಿಲಿಂಡರಿಗೆ ಗಾಳಿ ಹೋಗುವ ದಾರಿಯಲ್ಲಿ ಪೆಟ್ರೋಲ್ ಸಿಂಪಡಿಸುವ ಸಾಮಾನ್ಯ ಪೋರ್ಟ್ ಇಂಜೆಕ್ಷನ್ ಕಾರಿನ ಒತ್ತಡ ಸುಮಾರು 3 ಬಾರ್, ಅಂದರೆ 43.5 ಪಿಎಸ್‌ಐ, ರಿಟರ್ನ್ ಪೈಪ್ (ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ಪೈಪ್) ಇಲ್ಲದ ವ್ಯವಸ್ಥೆಗಳಲ್ಲಿ 4 ಬಾರ್ ಹತ್ತಿರ. ಇಷ್ಟಕ್ಕೆ 7 ಬಾರ್ ಸಾಕು ಅನ್ನಿಸುತ್ತದೆ. ಆದರೆ ಪಂಪಿನ ತಾಕತ್ತು ನೋಡಲು ರಿಟರ್ನ್ ಪೈಪನ್ನು ಕ್ಷಣಕಾಲ ಅದುಮಿದಾಗ ಒಳ್ಳೆಯ ಪಂಪು ಮಾಮೂಲಿ ಒತ್ತಡದ ಎರಡರಷ್ಟನ್ನೂ ಮೀರಿ ಏರಿಸಬಲ್ಲದು. ಆಗ 7 ಬಾರ್ ಗೇಜಿನ ಮುಳ್ಳು ಕೊನೆಗೆ ಬಡಿದು ನಿಲ್ಲುತ್ತದೆ, ಹಾಗೆ ಬಡಿದ ಗೇಜ್ ಆಮೇಲೆ ಸರಿ ತೋರಿಸುವ ಭರವಸೆ ಇಲ್ಲ. ಆದ್ದರಿಂದ 10 ಬಾರಿನದೇ ಸರಿಯಾದ ಆಯ್ಕೆ. ಅಗ್ಗದ ಗೇಜುಗಳಲ್ಲಿ ಒಂದು ದೋಷ ಪದೇಪದೇ ಕಾಣುತ್ತದೆ: ಒತ್ತಡವೇ ಇಲ್ಲದಾಗಲೂ ಮುಳ್ಳು ಸೊನ್ನೆಯ ಮೇಲೆ ಕೂರುವುದಿಲ್ಲ. ಪೆಟ್ರೋಲ್ ಸೋಕಿಸುವ ಮುನ್ನವೇ, ನಂಬಿಕೆಯ ಗೇಜ್ ಇರುವ ಕಂಪ್ರೆಸರಿಗೆ ಜೋಡಿಸಿ 3 ಬಾರ್ ಕೊಟ್ಟು ನೋಡಿಬಿಡಿ. ಬಾರಿನ ಹತ್ತರಲ್ಲಿ ಒಂದೆರಡು ಪಾಲು ವ್ಯತ್ಯಾಸ ಇದ್ದರೆ ಡಯಲ್ ಹಿಂದೆ ಬರೆದಿಟ್ಟುಕೊಂಡು ಬಳಸಬಹುದು. ಅರ್ಧ ಬಾರ್ ಇದ್ದರೆ ವಾಪಸ್ ಕಳಿಸಿ.

ಅಡಾಪ್ಟರುಗಳ ವಿಷಯದಲ್ಲಿ ಕಿಟ್ಟುಗಳು ಹೇಳಿಕೊಳ್ಳುವುದಕ್ಕೂ ಕೆಲಸಕ್ಕೆ ಬರುವುದಕ್ಕೂ ಬಹಳ ಅಂತರ. ಇಂಜೆಕ್ಟರ್ ರೈಲಿನಲ್ಲಿ ಟೈರ್ ವಾಲ್ವಿನಂಥ ಟೆಸ್ಟ್ ಪೋರ್ಟ್ ಇರುವ ಕಾರುಗಳಿಗೆ ಕೆಲಸ ಸಲೀಸು: ತಿರುಪಿದರೆ ಆಯಿತು. ಯುರೋಪ್ ಮತ್ತು ಜಪಾನಿನ ಬಹಳಷ್ಟು ಸ್ಪೋರ್ಟ್ಸ್ ಕಾರುಗಳಲ್ಲಿ ಆ ಪೋರ್ಟೇ ಇಲ್ಲ. ಅಲ್ಲಿ ಫಿಲ್ಟರಿನ ನಂತರದ ಪೈಪಿಗೆ ಟೀ ಹಾಕಬೇಕು. ಕ್ವಿಕ್ ಕನೆಕ್ಟ್ ಪೈಪುಗಳ ಸಾಮಾನ್ಯ ಅಳತೆ 7.89 ಮತ್ತು 9.49 ಮಿಲಿಮೀಟರ್, ಈ ಎರಡು ಟೀ ಪೆಟ್ಟಿಗೆಯಲ್ಲಿ ಇಲ್ಲದ ಕಿಟ್ ಬೇಡ. ಹಳೆಯ ಬಾಷ್ ವ್ಯವಸ್ಥೆಗಳಿಗೆ ಬ್ಯಾಂಜೋ ಬೋಲ್ಟ್ (ಒಳಗೆ ಪೆಟ್ರೋಲ್ ಹರಿಯುವ ಟೊಳ್ಳು ಬೋಲ್ಟ್) ಬೇಕಾಗುತ್ತದೆ, ಹೆಚ್ಚಾಗಿ 12 ಅಥವಾ 14 ಮಿಲಿಮೀಟರ್ ವ್ಯಾಸ, 1.5 ಪಿಚ್. ಬ್ಯಾಂಜೋ ಬಿಚ್ಚಿದಾಗಲೆಲ್ಲ ಎರಡೂ ಕಡೆಯ ವಾಷರ್ ಹೊಸದೇ ಆಗಬೇಕು. ಹಳೆಯದು ಒಮ್ಮೆ ಅಮುಕಿ ಕೂತ ಮೇಲೆ ಮತ್ತೆ ಸೀಲ್ ಆಗುವುದಿಲ್ಲ, ಒಸರುವುದು ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ. ಬಹಳ ಕಿಟ್ಟುಗಳಲ್ಲಿ ವಾಷರ್ ಕೊಡುವುದೇ ಇಲ್ಲ, ಕೊಟ್ಟರೂ ಒಂದೇ ಜೊತೆ. ಇದು ಸಣ್ಣ ಕೊರತೆ ಅಲ್ಲ.

ಇನ್ನೊಂದು ಮಾತು. ಪೆಟ್ಟಿಗೆಯಲ್ಲಿ ಬರುವ ಸ್ಕ್ರೂ ಕ್ಲಾಂಪುಗಳು ಹಲ್ಲು ಕೊರೆದ ಅಗ್ಗದ ಬಗೆಯವು. ಬಿಗಿ ಮಾಡಿದರೆ ಹೋಸಿನ ಮೇಲ್ಪದರವನ್ನೇ ಕಚ್ಚುತ್ತವೆ. ಅಂಚು ನಯವಾಗಿರುವ ಫ್ಯೂಯೆಲ್ ಇಂಜೆಕ್ಷನ್ ಕ್ಲಾಂಪುಗಳನ್ನು ಬೇರೆ ತಂದು, ಇವನ್ನು ಮೊದಲ ದಿನವೇ ಎಸೆಯುವುದು ಒಳ್ಳೆಯದು.

ಗೇಜ್ ಜೋಡಿಸುವ ಮೊದಲು ಅದರ ಅಗತ್ಯವೇ ಇಲ್ಲದಂತೆ ಮಾಡಬಲ್ಲ ಕೆಲವು ಪರೀಕ್ಷೆಗಳಿವೆ. ಎಂಜಿನ್ ನಿಧಾನವಾಗಿ ತಿರುಗಿದರೆ ಬ್ಯಾಟರಿ ನೋಡಿ, ವಿಶ್ರಾಂತಿಯಲ್ಲಿ 12.6 ವೋಲ್ಟ್, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಟ್ಯಾಂಕಿಗೆ ಒಂದಷ್ಟು ಲೀಟರ್ ಪೆಟ್ರೋಲ್ ಹಾಕಿ ನೋಡಿ. ಮೀಟರಿನಲ್ಲಿ ಕಾಲು ಟ್ಯಾಂಕ್ ತೋರಿಸುತ್ತಿದ್ದರೂ ಫ್ಲೋಟ್ ಸಿಕ್ಕಿಕೊಂಡಿರಬಹುದು, ಇಳಿಜಾರಿನಲ್ಲಿ ನಿಂತ ಕಾರಿನಲ್ಲಿ ಪಂಪಿನ ಬಾಯಿಗೆ ಪೆಟ್ರೋಲ್ ತಲುಪದೇ ಇರಬಹುದು. ಸರಿಯಾದ ಕೀ ಗುರುತಿಸದಿದ್ದರೆ ಎಂಜಿನ್ ತಡೆಯುವ ಇಮ್ಮೊಬಿಲೈಸರಿನ ದೀಪ ಮಿಟುಕುತ್ತಿದೆಯೇ? ಡಿಕ್ಕಿಯಲ್ಲೋ ಡ್ಯಾಶ್ ಕೆಳಗೋ ಇನರ್ಷಿಯಾ ಸ್ವಿಚ್ (ಅಪಘಾತದ ಹೊಡೆತಕ್ಕೆ ಪಂಪಿನ ಕರೆಂಟ್ ಕಡಿಯುವ ಸ್ವಿಚ್) ಇರುವ ಕಾರೇ? ಹಳೆಯ ಫೋರ್ಡ್ ಮಸ್ಟಾಂಗ್, ಲೋಟಸ್ ಎಲೀಸ್‌ಗಳಲ್ಲಿ ಅದು ಇದೆ. ಡಿಕ್ಕಿ ಜೋರಾಗಿ ಮುಚ್ಚಿದರೂ ಒಮ್ಮೊಮ್ಮೆ ಎಗರುತ್ತದೆ, ಮೇಲಿನ ಗುಂಡಿ ಒತ್ತಿದರೆ ಸರಿಹೋಗುತ್ತದೆ.

ಎಷ್ಟೋ ಪಂಪುಗಳು ಸುಮ್ಮಸುಮ್ಮನೆ ಬದಲಾಗುವುದು ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಕಾರಣದಿಂದ. ಎಂಜಿನ್ ತಿರುಗುತ್ತಿದೆ ಎಂಬ ಸಂಕೇತ ಬಾರದಿದ್ದರೆ ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ಪಂಪನ್ನು ಓಡಿಸುವುದಿಲ್ಲ. ಅಪಘಾತವಾದಾಗ ಪೆಟ್ರೋಲ್ ಚೆಲ್ಲಬಾರದು ಎಂದೇ ಮಾಡಿದ ವ್ಯವಸ್ಥೆ ಅದು. ಆ ಕಂಪ್ಯೂಟರಿನ ಮಾಹಿತಿ ಓದುವ ಸ್ಕ್ಯಾನರ್ ಹಾಕಿ ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ನೋಡಿ: 150ರಿಂದ 250ರವರೆಗೆ ಬಂದರೆ ಸೆನ್ಸರ್ ಬದುಕಿದೆ, ಸೊನ್ನೆಯಲ್ಲೇ ನಿಂತರೆ ಪಂಪಿನ ಕಡೆ ಹೋಗಲೇಬೇಡಿ. ಸ್ಕ್ಯಾನರ್ ಕೆಲಸ ಮಾಡದ ಹಳೆಯ ಕಾರುಗಳಲ್ಲಿ ಟ್ಯಾಕೋಮೀಟರಿನ ಮುಳ್ಳು ಸ್ವಲ್ಪ ಕುಣಿಯುತ್ತದೆಯೇ ಎಂದು ಗಮನಿಸಿ. ಸ್ಕ್ಯಾನರ್ ತೋರಿಸುವ ದೋಷದ ಕೋಡುಗಳಲ್ಲಿ ಪಿ0335 ಕ್ರ್ಯಾಂಕ್ ಸೆನ್ಸರಿನದು, ಪಿ0230 ಪಂಪಿನ ಕಂಟ್ರೋಲ್ ಸರ್ಕ್ಯೂಟಿನದು, ಪಿ0087 ರೈಲಿನಲ್ಲಿ ಒತ್ತಡ ಕಡಿಮೆ ಎಂಬುದರದು. ಪಿ0230 ಬಂದರೆ ಪಂಪೇ ಕೆಟ್ಟಿದೆ ಎಂದು ಓದಬಾರದು. ರಿಲೇ (ಪಂಪಿಗೆ ಕರೆಂಟ್ ಹರಿಸುವ ವಿದ್ಯುತ್ ಸ್ವಿಚ್), ವೈರು, ಫ್ಯೂಸ್ ಎಲ್ಲವೂ ಅದರೊಳಗೇ ಬರುತ್ತವೆ.

ಕಿವಿಯ ಪರೀಕ್ಷೆಯಲ್ಲೂ ಒಂದು ಬಲೆ ಇದೆ. ಬಹಳ ಕಾರುಗಳಲ್ಲಿ ಕೀ ಆನ್ ಮಾಡಿದ ಕೂಡಲೇ ಟ್ಯಾಂಕಿನ ಕಡೆಯಿಂದ ಎರಡು ಸೆಕೆಂಡಿನಷ್ಟು ಗುಂಯ್ ಎನ್ನುವ ಸದ್ದು ಬಂದು ನಿಲ್ಲುತ್ತದೆ. ಸದ್ದಿಲ್ಲ ಎಂದಾಕ್ಷಣ ಪಂಪ್ ಸತ್ತಿದೆ ಎನ್ನುವವರು ಮಾಜ್ದಾ ಎಂಎಕ್ಸ್-5ರ ಮೊದಲ ತಲೆಮಾರಿನ 1.6 ಲೀಟರ್ ಕಾರನ್ನು ನೆನಪಿಡಬೇಕು. ಅದರಲ್ಲಿ ಪಂಪ್ ಓಡುವುದು ಸೆಲ್ಫ್ ಹೊಡೆಯುವಾಗ, ಆಮೇಲೆ ಎಂಜಿನ್ ಎಳೆಯುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಮೀಟರಿನ ರೆಕ್ಕೆ ಗಾಳಿಗೆ ತೆರೆದುಕೊಂಡಾಗ ಮಾತ್ರ. ಬರೀ ಕೀ ಆನ್ ಮಾಡಿದರೆ ಮೌನವೇ ಅಲ್ಲಿ ಸಹಜ. ಪಂಪನ್ನು ಓಡಿಸಿ ನೋಡಲು ಬಾನೆಟ್ ಕೆಳಗಿನ ಡಯಾಗ್ನೋಸಿಸ್ ಬಾಕ್ಸಿನಲ್ಲಿ ಎಫ್/ಪಿ ಮತ್ತು ಜಿಎನ್‌ಡಿ ತೂತುಗಳಿಗೆ ತಂತಿ ಜೋಡಿಸಿ ಕೀ ಆನ್ ಮಾಡಬೇಕು. ಪೋರ್ಷೆ 944ರಲ್ಲಿ ಡಿಎಂಇ ರಿಲೇ ಒಂದೇ ಎಂಜಿನ್ ಕಂಪ್ಯೂಟರಿಗೂ ಪಂಪಿಗೂ ಕರೆಂಟ್ ಕೊಡುತ್ತದೆ. ಅದರ ಒಳಗಿನ ಬೆಸುಗೆ ಬಿರುಕು ಬಿಡುವುದು ಆ ಕಾರಿನ ಪ್ರಸಿದ್ಧ ಕಾಯಿಲೆ. ರಿಲೇ ಕಿತ್ತು ಸಾಕೆಟ್ಟಿನ 30 ಮತ್ತು 87ಬಿ ಸಂಖ್ಯೆಯ ತೂತುಗಳನ್ನು ತಂತಿಯಿಂದ ಜೋಡಿಸಿದರೆ ಪಂಪು ಓಡಬೇಕು. ಓಡಿದರೆ ಕೆಟ್ಟಿರುವುದು ರಿಲೇ ಅಥವಾ ಅದಕ್ಕೆ ಬರುವ ಸಂಕೇತ, ಪಂಪಲ್ಲ.

ಸಾಮಾನ್ಯ ರಿಲೇ ಇರುವ ಕಾರುಗಳಲ್ಲಿ 30 ಮತ್ತು 87ನ್ನು ಜೋಡಿಸಿ ಇದೇ ಪರೀಕ್ಷೆ ಮಾಡಬಹುದು. ತಂತಿಯಲ್ಲಿ ಕಾರಿನ ಪಂಪ್ ಫ್ಯೂಸಿನಷ್ಟೇ ಆಂಪಿಯರಿನ ಫ್ಯೂಸ್ ಇರಲೇಬೇಕು. ಆದರೆ ಪಂಪಿನ ವೇಗವನ್ನು ಮಾಡ್ಯೂಲ್ ಏರಿಳಿಸುವ ಹೊಸ ಕಾರುಗಳಲ್ಲಿ ಈ ಸೇತುವೆ ಕಟ್ಟಬೇಡಿ, ಬ್ರಷ್ ಇಲ್ಲದ ಮೂರು ಫೇಸಿನ ಪಂಪಿಗೆ ನೇರ 12 ವೋಲ್ಟ್ ಕೊಡುವುದಂತೂ ಬೇಡವೇ ಬೇಡ. ಅಲ್ಲಿ ಸ್ಕ್ಯಾನರಿನ ಆಕ್ಚುಯೇಟರ್ ಟೆಸ್ಟ್ ಒಂದೇ ದಾರಿ.

ಈಗ ಕಿಟ್ ಜೋಡಿಸುವ ಹೊತ್ತು. ಸ್ಟಾರ್ಟ್ ಆಗದ ಕಾರಿನ ಪೈಪಿನಲ್ಲೂ ಒತ್ತಡ ಉಳಿದಿರಬಹುದು. ಪಂಪ್ ಫ್ಯೂಸ್ ಕಿತ್ತು ಕೆಲವು ಸೆಕೆಂಡ್ ಸೆಲ್ಫ್ ಹೊಡೆಯಿರಿ, ಬ್ಯಾಟರಿಯ ನೆಗೆಟಿವ್ ತೆಗೆಯಿರಿ, ಜೋಡಣೆಯ ಸುತ್ತ ಬಟ್ಟೆ ಸುತ್ತಿ ನಿಧಾನವಾಗಿ ಬಿಚ್ಚಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲಮಟ್ಟದ ಸ್ಪೋರ್ಟ್ಸ್ ಕಾರಿನ ಅಡಿಯಲ್ಲಿ, ಪಿಟ್ ಇದ್ದರೆ ಅದರೊಳಗೆ ಶೇಖರವಾಗುತ್ತದೆ. ಬಾಗಿಲು ತೆರೆದಿರಲಿ, ಹ್ಯಾಲೊಜೆನ್ ದೀಪ ಹತ್ತಿರ ಬೇಡ, ಡ್ರೈ ಪೌಡರ್ ಅಗ್ನಿಶಾಮಕ ಕೈಗೆಟುಕುವಲ್ಲಿರಲಿ, ಕಣ್ಣಿಗೆ ಕನ್ನಡಕ ಇರಲಿ. ಸಿಲಿಂಡರಿನೊಳಗೇ ಪೆಟ್ರೋಲ್ ಸಿಂಪಡಿಸುವ ನೇರ ಇಂಜೆಕ್ಷನ್ ಎಂಜಿನ್ ಆದರೆ ಈ ಕಿಟ್ ಟ್ಯಾಂಕಿನ ಪಂಪಿನಿಂದ ಹೈಪ್ರೆಶರ್ ಪಂಪಿನವರೆಗಿನ ಭಾಗಕ್ಕೆ ಮಾತ್ರ. ಅದರಾಚೆ ಒತ್ತಡ 50ರಿಂದ 200 ಬಾರ್, ಕೆಲವದರಲ್ಲಿ ಇನ್ನೂ ಹೆಚ್ಚು. ಆ ರೈಲಿಗೆ ಈ ಹೋಸ್ ಹಾಕಿದರೆ ಪ್ರಾಣಕ್ಕೇ ಸಂಚಕಾರ. ಕಿಟ್ಟಿನ ಕೈಪಿಡಿಗಳಲ್ಲಿ ಈ ಎಚ್ಚರಿಕೆ ಕಾಣದಷ್ಟು ಸಣ್ಣ ಅಕ್ಷರದಲ್ಲಿರುತ್ತದೆ ಅಥವಾ ಇರುವುದೇ ಇಲ್ಲ, ಇದನ್ನು ಕ್ಷಮಿಸಲಾಗದು.

ಜೋಡಿಸಿ, ಫ್ಯೂಸ್ ಮತ್ತು ಬ್ಯಾಟರಿ ಹಾಕಿ, ಪಂಪನ್ನು ಓಡಿಸಿ. ಮೊದಲು ಪ್ರತಿ ಜೋಡಣೆಯೂ ಒಣಗಿದೆಯೇ ಎಂದು ಬೆರಳಾಡಿಸಿ ನೋಡಿ. ಆಮೇಲೆ ಪಾರದರ್ಶಕ ನಳಿಕೆಯನ್ನು ಪೆಟ್ರೋಲ್ ಕ್ಯಾನಿಗೆ ಇಳಿಬಿಟ್ಟು ಬ್ಲೀಡ್ ಗುಂಡಿ ಒತ್ತಿ. ನಳಿಕೆಯಲ್ಲಿ ಮೊದಲು ಗಾಳಿಗುಳ್ಳೆಗಳ ಸಾಲು ಬರುತ್ತದೆ, ನಂತರ ತುಂಡಾಗದ ಪೆಟ್ರೋಲ್ ಎಳೆ. ಗುಳ್ಳೆ ನಿಲ್ಲುವವರೆಗೆ ಮುಳ್ಳನ್ನು ನಂಬಬೇಡಿ; ಹೋಸಿನಲ್ಲಿ ಸಿಕ್ಕ ಗಾಳಿ ಸ್ಪ್ರಿಂಗಿನಂತೆ ಮುಳ್ಳನ್ನು ಆಡಿಸುತ್ತದೆ. ಗುಳ್ಳೆ ನಿಲ್ಲುವುದೇ ಇಲ್ಲವೆಂದರೆ ಅದೇ ಒಂದು ಸುಳಿವು: ಪಂಪು ಪೆಟ್ರೋಲ್ ಜೊತೆ ಗಾಳಿಯನ್ನೂ ಎಳೆಯುತ್ತಿದೆ, ಪಂಪಿನ ಬಾಯಿಗಿರುವ ತಳದ ಜಾಲರಿ ಕಟ್ಟಿದೆ ಅಥವಾ ಟ್ಯಾಂಕ್ ಬರಿದಾಗಿದೆ. ಬ್ಲೀಡ್ ವಾಲ್ವ್ ಇಲ್ಲದ ಕಿಟ್ಟಿನಲ್ಲಿ ಇದು ಯಾವುದೂ ಕಾಣುವುದಿಲ್ಲ. ಅಂಥದ್ದು ಅರ್ಧ ಬೆಲೆಗೆ ಸಿಕ್ಕರೂ ಬೇಡ ಎನ್ನುವುದು ಇದಕ್ಕೇ.

ಮುಳ್ಳು ಸೊನ್ನೆಯಿಂದ ಏಳದಿದ್ದರೆ, ಪಂಪಿನ ಸದ್ದೂ ಇಲ್ಲದಿದ್ದರೆ ಮಲ್ಟಿಮೀಟರ್ ಹೊರತೆಗೆಯಿರಿ. ಪಂಪಿನ ಕನೆಕ್ಟರ್ ಕಿತ್ತು 12 ವೋಲ್ಟ್ ಬರುತ್ತಿದೆ ಎಂದು ನೋಡಿ ಪಂಪನ್ನು ದೂರುವುದು ಅತಿ ಸಾಮಾನ್ಯವಾದ ತಪ್ಪು. ಒಂದೇ ಎಳೆ ತಾಮ್ರ ಉಳಿದ ವೈರಿನಲ್ಲೂ ಲೋಡ್ ಇಲ್ಲದಾಗ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಕನೆಕ್ಟರ್ ಹಾಕಿಯೇ, ಪಂಪಿಗೆ ಕರೆಂಟ್ ಕೊಟ್ಟಿರುವಾಗ, ಹಿಂಬದಿಯಿಂದ ಪಿನ್ ಚುಚ್ಚಿ ಅಳೆಯಬೇಕು. ಬ್ಯಾಟರಿ ಪ್ಲಸ್ಸಿನಿಂದ ಪಂಪಿನ ಪ್ಲಸ್ಸಿಗೆ ಅರ್ಧ ವೋಲ್ಟಿಗಿಂತ ಹೆಚ್ಚು, ಪಂಪಿನ ಮೈನಸ್ಸಿನಿಂದ ಬ್ಯಾಟರಿ ಮೈನಸ್ಸಿಗೆ 0.2 ವೋಲ್ಟಿಗಿಂತ ಹೆಚ್ಚು ನಷ್ಟವಿದ್ದರೆ ದೋಷ ದಾರಿಯಲ್ಲಿದೆ. ಪಂಪಿನೊಳಗೇ ಸಂಪರ್ಕ ಕಡಿದು (ಓಪನ್ ಆಗಿ) ಅದು ಕರೆಂಟನ್ನೇ ಎಳೆಯದಿದ್ದರೆ ಈ ಅಳತೆಯಲ್ಲಿ ನಷ್ಟ ಕಾಣುವುದಿಲ್ಲ. ಆಗ ಕನೆಕ್ಟರ್ ಕಿತ್ತು, ಟ್ಯಾಂಕಿನ ಬಾಯಿಂದ ದೂರದಲ್ಲಿ 55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಜೋಡಿಸಿ. ಅದು ಸುಮಾರು 4.6 ಆಂಪಿಯರ್ ಎಳೆಯುತ್ತದೆ, ಬಹಳಷ್ಟು ಪಂಪುಗಳ ಲೆಕ್ಕವೂ ಅಷ್ಟೇ. ಬಲ್ಬ್ ಪ್ರಖರವಾಗಿ ಉರಿದರೆ ವೈರಿಂಗ್ ನಿರ್ದೋಷಿ, ಮಂಕಾದರೆ ರಿಲೇ ಮತ್ತು ಅರ್ಥಿಂಗ್ ಹುಡುಕಿ. ಟ್ಯಾಂಕ್ ಮುಚ್ಚಳದ ಮೇಲಿನ ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡುವುದನ್ನು ಮರೆಯಬೇಡಿ. ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಅಂಚು ಮೇಣದಂತೆ ಜಾರಿದ್ದರೆ ಅಲ್ಲಿ ಸಂಪರ್ಕ ಸಡಿಲವಾಗಿ ಕಾದಿದೆ. ಹಳೆ ವೈರಿಗೆ ದೊಡ್ಡ ಪಂಪ್ ಹಾಕಿದ ಟರ್ಬೊ ಕಾರುಗಳಲ್ಲಿ ಇದು ಹೆಚ್ಚು. ಕನೆಕ್ಟರ್ ಬಿಟ್ಟು ಪಂಪ್ ಮಾತ್ರ ಬದಲಿಸಿದರೆ ಹೊಸ ಪಂಪಿಗೂ ಅದೇ ಗತಿ.

ವೋಲ್ಟೇಜ್ ಪೂರ್ತಿ ಇದೆ, ಅರ್ಥಿಂಗ್ ಸರಿ ಇದೆ, ಪಂಪು ಮಾತ್ರ ತಿರುಗುತ್ತಿಲ್ಲ. ಆಗ ಟ್ಯಾಂಕಿನ ತಳಕ್ಕೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ತಟ್ಟಿದಾಗ ಪಂಪ್ ಎದ್ದರೆ ಬ್ರಷ್ ಸವೆದಿದೆ, ಇಲ್ಲವೇ ಹಳೆ ಪೆಟ್ರೋಲಿನ ಅಂಟು ಕಟ್ಟಿ ರೋಟರ್ ಸಿಕ್ಕಿಕೊಂಡಿತ್ತು. ಕಾರು ಸ್ಟಾರ್ಟ್ ಆಯಿತೆಂದು ಅದನ್ನೇ ದುರಸ್ತಿ ಎಂದುಕೊಳ್ಳಬೇಡಿ, ಪಂಪು ಬದಲಾಗಬೇಕೆಂಬುದಕ್ಕೆ ಅದು ಪುರಾವೆ.

ಸದ್ದಿದೆ, ಒತ್ತಡ ಇಲ್ಲ ಅಥವಾ ಒಂದು ಬಾರ್ ಆಸುಪಾಸಿನಲ್ಲೇ ನಿಂತಿದೆ ಎಂಬ ಸ್ಥಿತಿಯಲ್ಲೇ ಕಿಟ್ ತನ್ನ ಬೆಲೆ ತೀರಿಸುವುದು. ರಿಟರ್ನ್ ಹೋಸನ್ನು ಮೆತ್ತನೆ ದವಡೆಯ ಇಕ್ಕಳದಿಂದ ಎರಡು ಸೆಕೆಂಡ್ ಅದುಮಿ. ಮುಳ್ಳು ಸರ್ರನೆ ಏರಿದರೆ ಪಂಪ್ ಗಟ್ಟಿ, ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರ್ ತೆರೆದುಕೊಂಡೇ ನಿಂತಿದೆ. ಏರದಿದ್ದರೆ ಪಂಪು, ಜಾಲರಿ, ಫಿಲ್ಟರ್ ಅಥವಾ ಟ್ಯಾಂಕಿನೊಳಗೆ ಪಂಪಿಗೂ ಮುಚ್ಚಳಕ್ಕೂ ನಡುವಿನ ಗೇಣುದ್ದದ ಹೋಸ್. ಈ ಹೋಸ್ ಬಿರಿದರೆ ಪಂಪು ಟ್ಯಾಂಕಿನೊಳಗೇ ಪೆಟ್ರೋಲನ್ನು ಸುತ್ತಿಸುತ್ತಿರುತ್ತದೆ. ಹೊಸ ಪಂಪ್ ಕೊಂಡವರಿಗೆ ಟ್ಯಾಂಕ್ ತೆರೆದ ಮೇಲೆ ಗೊತ್ತಾಗುತ್ತದೆ. ಹಾಕುವ ಹೋಸ್ ಪೆಟ್ರೋಲಿನಲ್ಲಿ ಮುಳುಗಿರಲು ತಕ್ಕದ್ದಾಗಿರಬೇಕು, ಎಸ್‌ಎಇ ಜೆ30 ಆರ್10 ಎಂದು ಅದರ ಮೇಲೆ ಅಚ್ಚಾಗಿರುತ್ತದೆ. ಆರ್9 ಒಳ್ಳೆಯ ಹೋಸೇ, ಆದರೆ ಟ್ಯಾಂಕಿನ ಹೊರಗೆ ಮಾತ್ರ. ಒಳಗೆ ಮುಳುಗಿಸಿದರೆ ಹೊರಪದರ ಊದಿ ಮೆತ್ತಗಾಗುತ್ತದೆ.

ಜಾಲರಿಯೋ ಫಿಲ್ಟರೋ ಎಂದು ಬೇರ್ಪಡಿಸಲು ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ನೆರವಿಗೆ ಬರುತ್ತದೆ. 3 ಬಾರಿನ ವ್ಯವಸ್ಥೆಯಲ್ಲಿ ಸಾಮಾನ್ಯ ಪಂಪು 4ರಿಂದ 6 ಆಂಪಿಯರ್ ಎಳೆಯುತ್ತದೆ. ಮುಂದಿನ ಫಿಲ್ಟರ್ ಕಟ್ಟಿದ್ದರೆ ಪಂಪಿಗೆ ಹೊರೆ ಜಾಸ್ತಿ, ಕರೆಂಟ್ ಏರುತ್ತದೆ. ತಳದ ಜಾಲರಿ ಕಟ್ಟಿದ್ದರೆ ಪಂಪು ಪೆಟ್ರೋಲ್ ಸಿಗದೆ ಹಗುರಾಗಿ ಕಿರುಚಿಕೊಂಡು ತಿರುಗುತ್ತದೆ, ಕರೆಂಟ್ ಇಳಿಯುತ್ತದೆ. ಕರೆಂಟಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಇದ್ದವರಿಗೆ ಇನ್ನೂ ಸ್ಪಷ್ಟ: ಬ್ರಷ್ ಪಂಪಿನ ಕರೆಂಟ್ ಗೆರೆಯಲ್ಲಿ ಪಂಪು ಒಂದು ಸುತ್ತು ತಿರುಗಿದಾಗ ಸಾಮಾನ್ಯವಾಗಿ ಎಂಟು ಉಬ್ಬುಗಳು. ಎಂಟರ ಗುಂಪಿಗೆ 10 ಮಿಲಿಸೆಕೆಂಡ್ ಹಿಡಿದರೆ 6,000 ಆರ್‌ಪಿಎಂ. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಉಬ್ಬು ಕುಸಿದಿದ್ದರೆ ಕಮ್ಯುಟೇಟರಿನ (ಬ್ರಷ್ ಉಜ್ಜುವ, ತುಂಡುತುಂಡಾದ ತಾಮ್ರದ ಭಾಗದ) ಒಂದು ತುಂಡು ಸತ್ತಿದೆ. ಪಂಪು ಆ ತುಂಡಿನ ಮೇಲೆ ನಿಂತ ದಿನ ಕಾರು ಎದ್ದೇಳುವುದಿಲ್ಲ, ಒಂದೊಂದು ದಿನ ಸ್ಟಾರ್ಟ್ ಆಗಿ ಒಂದೊಂದು ದಿನ ಕೈಕೊಡುವ ಕಾರಿನ ಗುಟ್ಟು ಕೆಲವೊಮ್ಮೆ ಇದೇ.

ಪಂಪ್ ನಿಂತ ಮೇಲೆ ಮುಳ್ಳು ಇಳಿಯುವುದನ್ನೂ ಗಮನಿಸಬೇಕು, ಆದರೆ ಅದಕ್ಕೆ ಅತಿಯಾದ ಅರ್ಥ ಹಚ್ಚಬಾರದು. ಐದು ನಿಮಿಷದಲ್ಲಿ ಅರ್ಧ ಬಾರಿಗಿಂತ ಹೆಚ್ಚು ಇಳಿದರೆ ಎಲ್ಲೋ ಸೋರಿಕೆ ಇದೆ. ಪಂಪ್ ಕಡೆಯ ಹೋಸ್ ಅದುಮಿದಾಗ ಇಳಿಯುವುದು ನಿಂತರೆ ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವ್, ರಿಟರ್ನ್ ಅದುಮಿದಾಗ ನಿಂತರೆ ರೆಗ್ಯುಲೇಟರ್, ಎರಡಕ್ಕೂ ನಿಲ್ಲದಿದ್ದರೆ ಇಂಜೆಕ್ಟರ್. ಇದರಿಂದ ಕಾರು ತಡವಾಗಿ, ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲೆ ಸ್ಟಾರ್ಟ್ ಆಗುತ್ತದೆ. ಪೂರ್ತಿ ಸ್ಟಾರ್ಟೇ ಆಗದ ಕಾರಿಗೆ ಚೆಕ್ ವಾಲ್ವೊಂದನ್ನೇ ಕಾರಣವೆಂದು ತೋರಿಸಿ ಪಂಪ್ ಮಾರುವವರ ಮಾತು ಕೇಳಬೇಡಿ.

ಕಿಟ್ಟಿನ ದೊಡ್ಡ ಮಿತಿ, ಅದು ಒತ್ತಡ ತೋರಿಸುತ್ತದೆ, ಪ್ರಮಾಣ ತೋರಿಸುವುದಿಲ್ಲ. ಸೋತ ಪಂಪು ಕೂಡ ಇಂಜೆಕ್ಟರ್ ತೆರೆಯದಿರುವಾಗ 3 ಬಾರ್ ಹಿಡಿದು ನಿಲ್ಲಬಹುದು. ಹಾಗಾಗಿ ರಿಟರ್ನ್ ಪೈಪನ್ನು ಅಳತೆ ಗುರುತಿನ ಕ್ಯಾನಿಗೆ ಬಿಟ್ಟು 30 ಸೆಕೆಂಡ್ ಪಂಪ್ ಓಡಿಸಿ. ಅರ್ಧ ಲೀಟರ್ ಬಂದರೆ ಗಂಟೆಗೆ 60 ಲೀಟರ್. ಸ್ಟಾರ್ಟ್ ಆಗಲು, ಐಡಲ್ ನಿಲ್ಲಲು ಧಾರಾಳ. ಟರ್ಬೊ ಇಲ್ಲದ 200 ಕುದುರೆಶಕ್ತಿಯ ಎಂಜಿನ್ ಪೂರ್ಣ ಲೋಡಿನಲ್ಲಿ ಸುಮಾರು ಅಷ್ಟನ್ನೇ ಕುಡಿಯುತ್ತದೆ, 400 ಕುದುರೆಶಕ್ತಿಯ ಟರ್ಬೊಗೆ 145 ಲೀಟರ್ ಹತ್ತಿರ ಬೇಕು. ಅಂದರೆ ಅರ್ಧ ಲೀಟರಿನ ಪಂಪು ಟರ್ಬೊ ಕಾರನ್ನು ಸ್ಟಾರ್ಟ್ ಮಾಡಿಸಿ, ಬೂಸ್ಟ್ ಏರಿದಾಗ ಕೈಬಿಟ್ಟು ಪಿಸ್ಟನ್ ಸುಡಬಹುದು. ಈ ಅಳತೆಗೆ ಗುರುತು ಹಾಕಿದ ಪಾತ್ರೆಯನ್ನೋ ಉದ್ದದ ನಳಿಕೆಯನ್ನೋ ಸಾಮಾನ್ಯವಾಗಿ ಕಿಟ್ ಜೊತೆ ಕೊಡುವುದಿಲ್ಲ. ಅವನ್ನು ನೀವೇ ಹೊಂದಿಸಿಕೊಳ್ಳಬೇಕು.

ಕೊಳ್ಳುವಾಗ ಇಷ್ಟು ನೋಡಿ: 10 ಬಾರ್ ಡಯಲ್, ಬ್ಲೀಡ್ ವಾಲ್ವ್, ನಿಮ್ಮ ಕಾರಿನ ಪೈಪಿನ ಅಳತೆಯ ಟೀ, ಬಾನೆಟ್ ಮುಚ್ಚಿ ಗಾಜಿನ ಮುಂದೆ ಗೇಜ್ ಇಡುವಷ್ಟು ಉದ್ದದ ಹೋಸ್. ನಲವತ್ತು ಐವತ್ತು ತುಂಡುಗಳ ದೊಡ್ಡ ಪೆಟ್ಟಿಗೆ ವರ್ಕ್‌ಶಾಪಿಗೆ ಸರಿ. ಒಂದೇ ಕಾರು ಇರುವವರಿಗೆ ಅದರಲ್ಲಿ ಮುಕ್ಕಾಲು ಪಾಲು ವ್ಯರ್ಥ. ಆ ಹಣದಲ್ಲಿ ಸಣ್ಣ ಕಿಟ್ ಮತ್ತು ಡಿಸಿ ಕ್ಲಾಂಪ್ ಮೀಟರ್ ಎರಡೂ ಕೊಂಡರೆ ಪರೀಕ್ಷೆ ಪೂರ್ಣವಾಗುತ್ತದೆ. ಹೊಸ ಪಂಪ್ ಹಾಕಿದ ದಿನವೇ ಒತ್ತಡ, ಕರೆಂಟ್, 30 ಸೆಕೆಂಡಿನ ಪ್ರಮಾಣ ಮೂರನ್ನೂ ಅಳೆದು ಕಾರಿನ ದಾಖಲೆಯಲ್ಲಿ ಬರೆದಿಡಿ, ಮುಂದಿನ ಸಲ ಹೋಲಿಸಲು ನಿಮ್ಮದೇ ಕಾರಿನ ಅಂಕಿ ಇರುತ್ತದೆ. ಕೆಲಸವಾದ ಮೇಲೆ ಬ್ಲೀಡ್ ಗುಂಡಿ ಒತ್ತಿ ಒತ್ತಡವನ್ನು ಪೂರ್ತಿ ಇಳಿಸಿ, ಹೋಸನ್ನು ಕ್ಯಾನಿಗೆ ಬಸಿದು, ಒಂದು ರಾತ್ರಿ ಗಾಳಿಯಾಡುವಲ್ಲಿ ನೇತುಹಾಕಿ ಆಮೇಲೆ ಪೆಟ್ಟಿಗೆಗೆ ಸೇರಿಸಿ. ಒದ್ದೆ ಹೋಸನ್ನು ಮುಚ್ಚಿಟ್ಟರೆ ಅಡಾಪ್ಟರಿನ ಓ-ರಿಂಗುಗಳು ಊದಿಕೊಂಡು ಮುಂದಿನ ಸಲ ಜೋಡಣೆಯಲ್ಲೇ ಸೋರುತ್ತವೆ.